ಮುಂಬಾಗಿಲು

ಆ ಬೆಳಿಗ್ಗೆ ದಕ್ಷಿಣದ ಕಣಿವೆಗಳಿಂದ ಬಿಸಿಗಾಳಿ ಇಳಿದಿತ್ತು. ಅದು ಬೀಸಿದ ದಿನ ಲುಸೆರ್ನಿನಲ್ಲಿ ಸರೋವರದಾಚೆಯ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಬಂದು ನಿಲ್ಲುತ್ತವೆ, ಊರಿನವರ ತಲೆ ಸಿಡಿಯುತ್ತದೆ. ಹೋಟೆಲಿನ ಎರಡನೆಯ ಮಹಡಿಯ ಕೆಲಸದಾಕೆ ಅಗಾಥಾ ಕಾಫಿ ಹಿಡಿದು ಕೋಣೆಯೊಳಗೆ ಹೋದಾಗ ಇಮ್‌ಹೋಫ್ ಅಮ್ಮ ಆಗತಾನೆ ತೀರಿಕೊಂಡಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಅಗಾಥಾ ಶಿಲುಬೆಯ ಗುರುತು ಮಾಡಿಕೊಂಡು ಅವರ ಕಣ್ಣು ಮುಚ್ಚಿದಳು.

ವಿಧವೆಯಾದ ಮೇಲೆ ಹತ್ತೊಂಬತ್ತು ವರ್ಷ ಆ ತಾಯಿ ಇದೇ ಕೋಣೆಯಲ್ಲಿ ಬಾಡಿಗೆಗಿದ್ದವರು. ಇಲ್ಲಿ ಸತ್ತ ಅತಿಥಿಗಳು ಹೇಗೆ ಹೊರಗೆ ಹೋಗುತ್ತಾರೆಂದು ಅವರಿಗೆ ಗೊತ್ತಿತ್ತು: ಉಳಿದವರು ತಿಂಡಿಗೆ ಕೂತಾಗ, ಒಗೆಯುವ ಬಟ್ಟೆಯ ಬೆತ್ತದ ಪೆಟ್ಟಿಗೆಯಲ್ಲಿ, ಹಿಂಬದಿಯ ಲಿಫ್ಟಿನಲ್ಲಿ. ಅದಕ್ಕೇ ಕಳೆದ ಈಸ್ಟರಿನಲ್ಲಿ ತಮ್ಮ ಬೆಳ್ಳಿಯ ಜಪಮಾಲೆಯನ್ನು ಅಗಾಥಾಳ ಕೈಗಿಟ್ಟಿದ್ದರು.

"ಮದುವಣಗಿತ್ತಿಯಾಗಿ ಈ ಹೋಟೆಲಿಗೆ ಮೊದಲ ಸಲ ಬಂದಾಗ ಮುಂಬಾಗಿಲಲ್ಲಿ ಬಂದೋಳು ನಾನು. ಹೋಗೋದೂ ಅದರಲ್ಲೇ. ನೀನು ನೋಡ್ಕೋಬೇಕು, ಮಗಳೇ."

"ದೇವರಾಣೆ, ಅಮ್ಮಾವ್ರೇ" ಎಂದಿದ್ದಳು ಅಗಾಥಾ. ಅಂದಿನಿಂದ ಆ ಮಣಿಗಳ ಮೇಲೆಯೇ ಅವಳ ಪ್ರಾರ್ಥನೆ.

ಮ್ಯಾನೇಜರ್ ಕ್ರಿಸ್ಟನ್ ಎಲ್ಲ ಕೇಳಿ ಮೀಸೆಯಂಚಿನಲ್ಲಿ ನಕ್ಕ.

"ಮುಂಬಾಗಿಲಲ್ಲಾ? ಜನ ಮೊಟ್ಟೆ ಒಡೀತಾ ಕೂತಿರೋ ಹೊತ್ತಲ್ಲಿ?"

"ಮಾತು ಕೊಟ್ಟಿದ್ದೀನಿ, ಸ್ವಾಮಿ."

"ಬಾಗಿಲು ನಿಮ್ಮಪ್ಪ ಇಡಿಸಿದ್ದಾ, ಮಾತು ಕೊಡೋಕೆ? ಸರಿ, ನೀನೂ ಗಂಟು ಕಟ್ಟು. ಇಬ್ಬರೂ ಜೊತೇಲೇ ಹೊರಡಿ. ಐವತ್ತಾರರ ಮುದುಕೀನ ಯಾರು ಕೆಲಸಕ್ಕಿಟ್ಕೋತಾರೋ ನೋಡೋಣ."

ಅಗಾಥಾಳಿಗೆ ಹೋಟೆಲಿನ ಅಟ್ಟದ ಕೋಣೆ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಅವಳು ತಲೆ ತಗ್ಗಿಸಿದಳು.

ಬೆತ್ತದ ಪೆಟ್ಟಿಗೆ ಗಿಡ್ಡವಾಗಿತ್ತು. ಹಮಾಲಿ ಬಾಲ್ಟ್ಸ್ ಹೆಣದ ಮೊಣಕಾಲು ಮಡಿಸುತ್ತ, "ಬದುಕಿದ್ದಾಗ ಯಾರಿಗೂ ಬಗ್ಗಿದೋರಲ್ಲ. ಈಗ ನೋಡಕ್ಕ, ಎಷ್ಟು ಚೆನ್ನಾಗಿ ಬಗ್ತಾರೆ" ಎಂದ. ಅಗಾಥಾ ಮೇಲೆ ಹಾಸಿಗೆಬಟ್ಟೆ ಮುಚ್ಚಿದಳು.

ಕಾರಿಡಾರಿನಲ್ಲಿ, ಸ್ನಾನ ಮುಗಿಸಿ ಬಂದ ಹೆಂಗಸೊಬ್ಬಳು ಅವರನ್ನು ತಡೆದಳು. "ಒಗೆಯೋಕಾ? ಇದನ್ನೂ ಹಾಕ್ಕೊಳ್ಳಿ" ಎಂದು ಒದ್ದೆ ಟವೆಲನ್ನು ಪೆಟ್ಟಿಗೆಯ ಮೇಲೆಸೆದಳು. ಅದು ತೊಪ್ಪನೆ ಬಿತ್ತು, ಸರಿಯಾಗಿ ಮುಖವಿದ್ದ ಕಡೆಗೆ.

ಅಗಾಥಾ ಮೊಣಕಾಲು ಬಾಗಿಸಿ ವಂದಿಸಿದಳು. "ಉಪಕಾರವಾಯ್ತು, ಅಮ್ಮಾವ್ರೇ."

ಕೆಳಗೆ, ಒಗೆಯುವ ಮನೆಯ ಅಂಗಳದಲ್ಲಿ, ಶವದ ಗಾಡಿ ಕಾಯುತ್ತಿತ್ತು. ಅಲ್ಲಿಂದ ಸರೋವರ ಕಾಣುವುದಿಲ್ಲ. ಅಮ್ಮನನ್ನು ಶವಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಹೊರಟವರನ್ನು ಅಗಾಥಾ ಕೈಸನ್ನೆಯಿಂದ ನಿಲ್ಲಿಸಿದಳು. ಟವೆಲು ತಾಗಿದ್ದ ಕೆನ್ನೆಯ ತೇವವನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು. ಆಮೇಲೆ ಜೇಬಿನಿಂದ ಜಪಮಾಲೆ ತೆಗೆದು ಅಮ್ಮನ ಬೆರಳುಗಳಿಗೆ ಸುತ್ತಿ ಹಿಂದೆ ಸರಿದಳು.