ಅಣ್ಣನ ಪಾಲಿನ ಲೋಟ

ಮಳೆ ಹಿಂದೆ ಸರಿದಿತ್ತು. ಭದ್ರಾವತಿಯ ಆ ಮನೆಯಲ್ಲಿ ಹಿರಿಯರ ಹಬ್ಬದ ವಡೆ ಬೇಯುತ್ತಿತ್ತು. ಹಿತ್ತಲಲ್ಲಿ ಭೀಮೇಶ್, ಬಾರ್ಲಿ ಬೇಯಿಸಿ ಹುದುಗಿಸಿ ತಾನೇ ತುಂಬಿಟ್ಟಿದ್ದ ಬಿಯರಿನ ಬಾಟಲಿ ತೆರೆಯುತ್ತಿದ್ದ. ಕೆಡದ ಬಿಯರು ಮಾಡಿದ ದಿನ ಮೊದಲ ಲೋಟ ನಿನಗೇ ಎಂದು ಅಣ್ಣ ಭೂತಪ್ಪನಿಗೆ ಮಾತು ಕೊಟ್ಟಿದ್ದ. ಎರಡು ಸಲ ಹುಳಿಯಾಗಿ ಚೆಲ್ಲಿದ್ದಾಯಿತು. ಅಷ್ಟರಲ್ಲಿ ಅಣ್ಣ ತೀರಿಕೊಂಡ.

ರುಚಿ ನೋಡಲು ಲೋಟ ಎತ್ತಿದವನನ್ನು ಅತ್ತಿಗೆ ಶೀಲಾ ಗದರಿದಳು: “ಎಡೆಗಿಡೋದನ್ನ ಎಂಜಲು ಮಾಡ್ತೀಯಾ ಮಾರಾಯ?”

“ಹುಳಿಯಾಗಿದ್ರೆ, ಅತ್ತಿಗೆ?”

“ನಿಮ್ಮಣ್ಣ ಬೈಕೊಂಡೇ ಕುಡೀತಾರೆ. ಇಡು.”

ಅಣ್ಣನ ಫೋಟೋದ ಮುಂದೆ ಲೋಟವಿಟ್ಟು, ಅವನು ಬಂದು ಕುಡಿದು ಹೋಗಲೆಂದು ಬಾಗಿಲು ಹಾಕಿ, ಇಬ್ಬರೂ ಹೊರಗೆ ಕಾದರು. ಆಮೇಲೆ ಭೀಮೇಶ್ ಒಳಹೋಗಿ ಅದೇ ಲೋಟದಿಂದ ಒಂದು ಗುಟುಕು ಕುಡಿದ. ಹುಳಿಯಿರಲಿಲ್ಲ.

“ಈ ಸಲ ಸರಿಯಾಗೈತೆ, ಅಣ್ಣಾ,” ಎಂದವನು, ಉಳಿದದ್ದನ್ನು ಕುಡಿಯಲಾರದೆ ಅಲ್ಲೇ ಇಟ್ಟ.