ಥಂಡಾ ಮಾಡಿದ ಹಾಳೆಗಳು

ಬಾಷಾಬಿ ಮಂಚದ ಕೆಳಗೆ ಕೈ ಚಾಚಿ ತಡವಿದಳು. ಅತ್ತರಿನ ಶೀಶೆ ಕೈಗೆ ಸಿಕ್ಕಿತು. ಅದರ ಪಕ್ಕದಲ್ಲೇ ಇರಬೇಕಾದ ಗಂಟು ಸಿಗಲಿಲ್ಲ. ಇನ್ನಷ್ಟು ಬಾಗಿ, ಭುಜದ ತನಕ ಕೈ ತೂರಿಸಿ, ಗೋಡೆ ಮುಟ್ಟುವವರೆಗೂ ಸವರಿದಳು. ತಣ್ಣನೆಯ ನೆಲ, ಒಂದು ಸವೆದ ಚಪ್ಪಲಿ. ಮತ್ತೇನೂ ಇಲ್ಲ.

ಹಿತ್ತಲ ಕಡೆಯ ಖೋಲಿಯಲ್ಲಿ, ಚಾದರ ಕಟ್ಟಿದ ಮರೆಯ ಆಚೆ, ಆಕೆಯ ಗಂಡ ಇಮಾಮುದ್ದೀನ ಮಾಸ್ತರರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ತಂಬಿಗೆಯಿಂದ ನೀರು ಬೀಳುವುದು, ಯಾರೋ ಮೆಲ್ಲಗೆ ದುವಾ ಹೇಳುವುದು, ಮತ್ತೆ ನೀರು. ಚಾದರದ ಸಂದಿನಿಂದ ಮೈದುನ ಮಹಬೂಬಸಾಬನ ಒದ್ದೆ ಕೈ ಹೊರಬಂತು.

"ಅತ್ತರ ಕೊಡ್ರಿ, ಭಾಬಿ."

ಆಕೆ ಶೀಶೆಯನ್ನು ಕೈಗಿಟ್ಟಳು. "ಮಹಬೂಬಭಾಯಿ, ಮಂಚದ ಬುಡಕಿದ್ದ ಗಂಟು ಎಲ್ಲೈತಿ?"

"ಯಾವ ಗಂಟ್ರಿ?"

"ಹಸರ ಅರಿವ್ಯಾಗ ಕಟ್ಟಿದ್ದು. ನಿಮ್ಮಣ್ಣನ ಕಾಗದ."

"ಓ, ಅದಾ? ಚಿಂತಿ ಮಾಡಬ್ಯಾಡ್ರಿ. ಮೈಯತ್ತು ತೊಳೆಯೂ ನೀರು ಸಿಡೀಬಾರದಂತ ಮುಂಜಾನೆನ ಎಲ್ಲಾ ತೆಗಿಸೀನಿ. ರಟ್ಟು ಗಟ್ಟಿ ಇದ್ದ ಪುಸ್ತಕ ಅಟ್ಟದ ಮ್ಯಾಲೆ ಅದಾವು. ಹರಕ ಹಾಳಿ ಅಷ್ಟ ಮಸೀದಿ ಬಾವ್ಯಾಗ ಥಂಡಾ ಮಾಡಿಸೀನಿ. ಕಲ್ಲು ಕಟ್ಟಿ, ಬಿಸ್ಮಿಲ್ಲಾ ಅಂದು, ಅಗದಿ ಅದಬಿಲೆ ಬಿಟ್ಟೀವಿ. ಅಣ್ಣಗ ಸವಾಬು ಬರಲಿ."

ಹಳತಾಗಿ ಹರಿದ ಕುರಾನಿನ ಹಾಳೆ ಯಾರ ಕಾಲಿಗೂ ಸಿಗಬಾರದೆಂದು ನೀರಿಗೆ ಬಿಡುವುದು ಆ ಮನೆಗಳ ಪದ್ಧತಿ. ಅದಕ್ಕೇ ಥಂಡಾ ಮಾಡುವುದು ಎನ್ನುತ್ತಾರೆ. ಮಹಬೂಬಸಾಬ ಟ್ರ್ಯಾಕ್ಟರ್ ಹೊಡೆದು ಬದುಕಿದವನು, ಓದು ಹತ್ತಲಿಲ್ಲ. ಬಲದಿಂದ ಎಡಕ್ಕೆ ಬರೆದದ್ದೆಲ್ಲ ಅವನಿಗೆ ಅಲ್ಲಾನ ಮಾತೇ. ಅಣ್ಣನ ಕಾಗದಕ್ಕೆ ಅವನು ಕೊಟ್ಟದ್ದು ತನಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆ.

"ಅದು ಕುರಾನ ಅಲ್ರೀ," ಎಂದಳು ಬಾಷಾಬಿ. "ಅಲ್ಲಾನ ಹೆಸರು ಮೊದಲನೇ ಹಾಳ್ಯಾಗ ಮಾತ್ರ ಐತಿ. ಉಳದದ್ದೆಲ್ಲಾ ಜ್ವಾಳ, ಹತ್ತಿ, ರಾಡಿ. ಅದನ್ನ ತಗಸ್ರಿ."

ಒಳಗೆ ನೀರಿನ ಸಪ್ಪಳ ನಿಂತಿತು. ಹೆಂಗಸಿಗೆ ದುಃಖ ನೆತ್ತಿಗೇರಿದೆ ಎಂದುಕೊಂಡರೋ ಏನೋ. ಮಹಬೂಬಸಾಬ ಮೆತ್ತಗೆ ಹೇಳಿದ: "ಭಾಬಿ, ನೀರಿಗೆ ಕೊಟ್ಟದ್ದನ್ನ ತಿರುಗಿ ಕೇಳಬಾರದು. ಈಗ ಮೊದಲ ಅಣ್ಣನ್ನ ಕಬರಿಗೆ ಮುಟ್ಟಿಸೂಣು. ಮೈಯತ್ತ ಕಾಯಿಸಬಾರದು."

ಅದೂ ಖರೆಯೇ. ಬಾಷಾಬಿ ಗೋಡೆ ಹಿಡಿದು ಕುಳಿತಳು. ಗಂಡನನ್ನು ಕಾಯಿಸುವಂತಿಲ್ಲ, ಕಾಗದವನ್ನು ನೀರು ಕಾಯುವುದಿಲ್ಲ.

*

ಬಾಷಾಬಿ ನವಲಗುಂದದ ಜಮಖಾನೆ ನೇಯುವ ಮನೆಯ ಮಗಳು. ಮೊಹರಮ್ ಬಂತೆಂದರೆ ಆಕೆಯ ಅಪ್ಪ ಅಲಾವಿ ಕುಣಿಯ ಬೆಂಕಿಯ ಮುಂದೆ ನಿಂತು ಕರ್ಬಲದ ಪದ ಎತ್ತುತ್ತಿದ್ದ. ಊರಿಗೆ ಊರೇ ಹಿಂದಿನಿಂದ ಸೊಲ್ಲು ಹಿಡಿಯುತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಅದನ್ನೇ ಉಂಡು ಬೆಳೆದ ಹುಡುಗಿಗೆ ಅಕ್ಷರ ಒಲಿಯಲಿಲ್ಲ, ಪದ ಒಲಿದವು. ಒಮ್ಮೆ ಕಿವಿಗೆ ಬಿದ್ದದ್ದು ಮರಳಿ ಹೋಗುತ್ತಿರಲಿಲ್ಲ. ಈ ಮೊರಬ ಊರಿಗೆ ಸೊಸೆಯಾಗಿ ಬರುವಾಗ ಮಗ್ಗವನ್ನೂ ಜೊತೆಗೆ ತಂದಳು. ಅತ್ತೆ, "ಸೊಸಿ ಒಬ್ಬಾಕಿ ಬರತಾಳಂದ್ರ ಕಾರಖಾನಿನ ಬಂತಲ್ಲ," ಎಂದು ನಕ್ಕಿದ್ದಳು.

ಮಾಸ್ತರರದು ಬೇರೆಯೇ ಹುಚ್ಚು. ಹೈಸ್ಕೂಲಿನಲ್ಲಿ ಉರ್ದು ಕಲಿಸುತ್ತಿದ್ದರೂ ಜೀವವೆಲ್ಲ ಫಾರಸಿಯಲ್ಲಿ. ವಿಜಾಪುರದ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಹೊಟ್ಟೆಪಾಡಿಗೆ ಬಂದ ಒಬ್ಬ ಮುನ್ಶಿ, ಈ ಸೀಮೆಗೆ ಕಂದಾಯ ಬರೆಯಲು ಬಂದು, ಇಲ್ಲೇ ಮಣ್ಣಾಗಿದ್ದನಂತೆ. ಸಾಯುವ ಮುಂಚೆ ಈ ಎರೆ ಹೊಲ, ಇಲ್ಲಿಯ ಬಿಸಿಲು, ಬೆಣ್ಣಿಹಳ್ಳದ ಸೊಕ್ಕು ಎಲ್ಲ ಸೇರಿಸಿ ಫಾರಸಿಯಲ್ಲಿ ಒಂದು ದೊಡ್ಡ ಕಾವ್ಯ ಕಟ್ಟಿದ್ದ. ಅದರ ಒಂದೇ ಒಂದು ಪ್ರತಿ ಪಕ್ಕದ ಹಳ್ಳಿಯ ದರ್ಗಾದ ಮುಜಾವರನ ಪೆಟ್ಟಿಗೆಯಲ್ಲಿತ್ತು. ಹೊರಗೆ ಒಯ್ಯಗೊಡಲಿಲ್ಲ ಅವನು. ಸೂಟಿ ಸಿಕ್ಕಾಗೆಲ್ಲ ಮಾಸ್ತರರು ಬಸ್ಸು ಹತ್ತಿ ಹೋಗಿ, ದರ್ಗಾದ ಕಟ್ಟೆಯ ಮೇಲೆ ಕೂತು, ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡು ಬಂದರು. ಮುಂದೆ ಒಂದು ಮಳೆಗಾಲದಲ್ಲಿ ಮುಜಾವರನ ಮಣ್ಣಿನ ಗೋಡೆ ಕುಸಿದು ಪೆಟ್ಟಿಗೆ ಅದರಡಿ ಹೋಯಿತು. ಅಲ್ಲಿಂದ ಆ ಮುನ್ಶಿಯ ಕಾವ್ಯ ಈ ಲೋಕದಲ್ಲಿ ಉಳಿದದ್ದು ಮಂಚದ ಕೆಳಗಿನ ಹಸಿರು ಗಂಟಿನಲ್ಲಿ ಮಾತ್ರ.

ಮೂಲದಲ್ಲಿ ಹುಳ ತಿಂದ ತೂತುಗಳಿದ್ದವು. ಆ ಜಾಗದಲ್ಲಿ ಯಾವ ಮಾತಿತ್ತು ಎನ್ನುವುದೇ ಮಾಸ್ತರರ ತಪಸ್ಸು. ನಿಘಂಟು ತಿರುವುವರು, ಹೈದರಾಬಾದಿಗೆ ಕಾಗದ ಬರೆಯುವರು, ಕಡೆಗೆ ಎದ್ದು ಮಗ್ಗದ ಬಳಿ ಬರುವರು.

"ಇದನ್ನ ಕೇಳಿಲ್ಲೆ."

ಆಕೆ ಕಬ್ಬಿಣದ ಪಂಜಾದಿಂದ ಎಳೆ ಬಡಿದು ಕೂರಿಸುತ್ತಲೇ ಕೇಳುವಳು. ಸಾಲು, ಬಡಿತ, ಸಾಲು, ಬಡಿತ. "ಕುಂಟತೈತ್ರಿ."

"ಎಲ್ಲಿ?"

"ನಡುವ. ಎಳಿ ಹರದಂಗ ಆತು."

ಬೇರೆ ಮಾತು ಹಾಕಿ ಓದುವರು. ಇನ್ನೊಂದು ಹಾಕುವರು. ಕೆಲವು ಸಾಲು ವಾರಗಟ್ಟಲೆ ಕುಂಟಿದ್ದುಂಟು. ಅನ್ನಕ್ಕೆ ಕೂತಾಗಲೂ ಮಾಸ್ತರರ ಬೆರಳು ತಟ್ಟೆಯ ಅಂಚಿನ ಮೇಲೆ ಅದನ್ನೇ ಬಾರಿಸುತ್ತಿತ್ತು. ಆಮೇಲೆ ಒಂದು ಸಂಜೆ ಆಕೆಯ ಕೈ ತಾನಾಗಿ ಸಾಲಿನ ಜೊತೆ ಇಳಿದು, "ಹಾಂ, ಈಗ ಕೂಡತು ನೋಡ್ರಿ," ಎನ್ನುವಳು.

"ಅರ್ಥ ಆತೇನ?"

"ಅರ್ಥ ನಿಮ್ಮದು. ನಡಿಗಿ ನಂದು."

ಆಗ ಮಾಸ್ತರರು ನಕ್ಕು, ಮಗ್ಗದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವರು. ಹೊರಗೆ ಎಮ್ಮೆಗಳು ಕೆರೆಯಿಂದ ಮರಳುವ ಹೊತ್ತು.

*

ಕಟ್ಟೆಯ ಮೇಲೆ ಗಂಡಸರು ಜನಾಜಾ ಏಳುವುದನ್ನು ಕಾಯುತ್ತ ಕುಳಿತಿದ್ದರು. ಕಿಟಕಿಯಿಂದ ಮಾತು ಒಳಗೆ ಬರುತ್ತಿತ್ತು.

"ನಾ ಜಮೀನಿನ ಸುದ್ದಿ ಎತ್ತಿದ್ರ ಸಾಕು," ಎನ್ನುತ್ತಿದ್ದ ಸಂಗನಬಸವ, ಮಾಸ್ತರರ ಓಣಿಯ ರೈತ. "'ಸಂಗನಬಸವಾ, ಜಮೀನು ಅಂದಿ. ಅದು ಫಾರಸಿ ಮಾತು, ಬಾಡಿಗಿ ಕೊಡು' ಅಂತಿದ್ದರು. ಬಾಡಿಗಿ ಅಂದ್ರ ಒಂದು ಕಪ್ ಚಹಾ."

"ನನಗ ಛಲೋ ವ್ಯಾಪಾರ ಆಗೂದು," ಎಂದ ಚಹಾದಂಗಡಿಯ ಯಾಕೂಬಸಾಬ.

"ಬಾಯಿ ಮುಚಗೊಂಡು ಕುಂತರೂ ಬಿಡತಿದ್ದಿಲ್ಲೋ ಮಾರಾಯಾ! ಹೆಗಲ ಮ್ಯಾಲಿನ ಚಾದರ ತೋರಿಸಿ, 'ಇದೂ ನಮ್ಮದ' ಅಂತಿದ್ದರು." ನಗಲು ಹೋದವನ ದನಿ ನಡುವೆಯೇ ಒಡೆಯಿತು. "ಇನ್ನ ಯಾರು ಕೇಳತಾರ ಬಾಡಿಗಿ."

ಕೊನೆಯ ಬಾರಿ ಮುಖ ತೋರಿಸಿದರು. ಬಾಷಾಬಿ ನೋಡಿದಳು. ಓದುವಾಗ ಹುಬ್ಬಿನ ನಡುವೆ ಬೀಳುತ್ತಿದ್ದ ಗೆರೆ ಈಗ ಇರಲಿಲ್ಲ. ಬಿಳಿ ಬಟ್ಟೆ ಮುಚ್ಚಿತು. ಕಲಿಮಾ ಹೇಳುತ್ತ ಹೆಗಲಿಂದ ಹೆಗಲಿಗೆ ಬದಲಿಸುತ್ತ, ಓಣಿಯ ಗಂಡಸರೆಲ್ಲ ಹೊರಟುಹೋದರು. ನಮಾಜು ಕಬರಸ್ಥಾನದ ಬಯಲಿನಲ್ಲೇ. ಮಸೀದಿಯಲ್ಲಿ ಈಗ ಒಂದು ನರಪಿಳ್ಳೆಯೂ ಇಲ್ಲ.

ಕಲಿಮಾದ ದನಿ ದೂರವಾಗುತ್ತಿದ್ದಂತೆ ಬಾಷಾಬಿ ಎದ್ದಳು. ಗುಡಗೇರಿಯಿಂದ ಬಂದಿದ್ದ ಮಗಳು ನಸ್ರೀನ್ ಗಾಬರಿಯಾಗಿ ಕೈ ಹಿಡಿದಳು. "ಎಲ್ಲಿಗಿ ಅಮ್ಮಾ? ಇದ್ದತ್ತು ಮುಗಿಯೂತನಕ ಗಂಡ ಸತ್ತಾಕಿ ಹೊಸ್ತಿಲಾ ದಾಟೂಹಂಗಿಲ್ಲ."

"ಗೊತ್ತೈತಿ." ಆಕೆ ಬಾಜೂ ಮನೆಯ ಸುಶೀಲವ್ವನ ಕಡೆ ತಿರುಗಿದಳು. ಮುಂಜಾನೆಯಿಂದ ಇವರ ಮನೆಯಲ್ಲೇ ಒಲೆ ನೋಡಿಕೊಳ್ಳುತ್ತ, ಬಂದವರಿಗೆ ನೀರು ಕೊಡುತ್ತ ಇದ್ದವಳು ಅವಳು. "ಸುಶೀಲವ್ವಾ, ನಿಮ್ಮನಿ ಪಾತಾಳಗರಡಿ ಐತೇನ?"

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ನಳ ಬಂದ ಮೇಲೆ ಯಾರೂ ಮುಟ್ಟಿರಲಿಲ್ಲ. ಸುಶೀಲವ್ವನಿಗೆ ವಿಷಯ ತಿಳಿಯಲು ಒಂದೇ ಮಾತು ಸಾಕಾಯಿತು. ಬಾಯಿಗೆ ಸೆರಗು ಒತ್ತಿ, "ಶಿವಶಿವಾ, ಮಾಸ್ತರ ಗಂಟು ಬಾವ್ಯಾಗ!" ಎಂದು ಮನೆಗೆ ಓಡಿದಳು. ಅಮ್ಮನನ್ನು ತಡೆಯಲಾಗದೆ ನಸ್ರೀನ್ ಕೂಡ ಹಿಂದೆ ಹೊರಟಳು.

ಮಸೀದಿಯ ಹಿಂಬಾಗಿಲಲ್ಲಿ ಕಬ್ಬಿಣದ ಗರಡಿ ಹಿಡಿದು ಅವಳ ಕಾಲು ನಿಂತಿತು. "ಯವ್ವಾ, ನಾ ಒಳಗ ಬರಬಹುದೋ ಇಲ್ಲೋ?"

"ನಾನೂ ಎಂದೂ ಬಂದಿಲ್ಲ," ಎಂದಳು ಬಾಷಾಬಿ. "ನಡಿ, ಇಬ್ಬರಿಗೂ ಹೊಸದ."

ಹಾಳು ಬಾವಿಯ ತಳದಲ್ಲಿ ಕಪ್ಪು ನೀರು ಮಿಣುಕುತ್ತಿತ್ತು. ಸುಶೀಲವ್ವ ಹಗ್ಗ ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಊರಿನ ಅರ್ಧ ಕೊಡಗಳನ್ನು ಎತ್ತಿದ ಕೈ. ಆದರೂ ಗರಡಿ ಎರಡು ಸಲ ಕಸ ಹಿಡಿದು ಬಂತು. ಬಾಷಾಬಿ ಕಟ್ಟೆ ಹಿಡಿದು ಬಗ್ಗಿದ್ದಳು. ಐದು ಹೊತ್ತಿನ ನಮಾಜು ತಪ್ಪಿಸದವಳು. ದೇವರಿಗೆ ಕೊಟ್ಟದ್ದನ್ನು ಕಸಿಯುತ್ತಿರುವೆನೇ ಎಂದು ಅಳುಕಿದಳು. 'ಯಾ ಅಲ್ಲಾ,' ಎಂದಳು ಒಳಗೊಳಗೇ, 'ನಿನ್ನ ಹೆಸರಿದ್ದ ಮೊದಲನೇ ಹಾಳಿ ನೀ ಇಟಗೋ. ಜ್ವಾಳದ್ದು, ರಾಡೀದು ನನಗ ಕೊಡು.'

ಹಗ್ಗ ಬಿಗಿಯಾಯಿತು. ಮೂವರೂ ಸೇರಿ ಎಳೆದರು. ಕಲ್ಲಿನ ಸಮೇತ ಹಸಿರು ಗಂಟು ಮೇಲೆ ಬಂತು, ಸುತ್ತ ನೀಲಿ ನೀರು ಸುರಿಸುತ್ತ. ಬಾಷಾಬಿ ಅಲ್ಲೇ ಗಂಟು ಬಿಚ್ಚಿ, ಎಲ್ಲಕ್ಕಿಂತ ಮೇಲಿನ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಮರಳಿ ಬಾವಿಗೆ ಬಿಟ್ಟಳು. ಹಾಳೆ ಹೊರಳಾಡುತ್ತ ಕೆಳಗೆ ಹೋಯಿತು. ಉಳಿದದ್ದನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಮನೆಗೆ ನಡೆದಳು.

ಅಂಗಳದ ತುಂಬ ಬಿಸಿಲು. ಒಂದೊಂದೇ ಹಾಳೆ ಬಿಡಿಸಿ ಹಾಸಿದರು. ನಸ್ರೀನ್ ಉರ್ದು ಶಾಲೆಯ ಟೀಚರು, ಲಿಪಿ ಬಲ್ಲವಳು. ಹಾಳೆಯ ಮೇಲೆ ಬಗ್ಗಿದವಳು ಬಗ್ಗಿಯೇ ಉಳಿದಳು.

"ಅಮ್ಮಾ, ಶಾಯಿ ಎಲ್ಲಾ ಹೋಗೇತಿ. ಧಾರವಾಡದ ಯುನಿವರ್ಸಿಟಿಯವರು ಹಾಳಿ ಫೋಟೊ ತಗೀತೀವಿ ಅಂದಾಗ ಅಬ್ಬಾ ತಗಸಬೇಕಿತ್ತು. ಮುಗೀಲಿ ತಡೀರಿ, ಮುಗೀಲಿ ತಡೀರಿ ಅಂತ..." ಅಳು ನುಂಗಿಕೊಂಡು ಮತ್ತೆ ನೋಡಿದಳು. "ನಡುವ ನಡುವ ಒಂದೊಂದು ಮಾತು ಮಾತ್ರ ಉಳದಾವು. ಪೆನ್ಸಿಲ್ಲಿಂದು."

*

"ಪೆನ್ನು ಇರಬೇಕಾದ್ರ ಪೆನ್ಸಿಲ್ ಯಾಕ್ರಿ?" ಎಂದು ಆಕೆ ಒಮ್ಮೆ ಕೇಳಿದ್ದಳು.

"ಶಾಯಿಲೆ ಬರದದ್ದು ಮುನ್ಶಿದು. ಕಣ್ಣಾರೆ ನೋಡಿದ್ದು," ಎಂದಿದ್ದರು ಮಾಸ್ತರರು, ಪೆನ್ಸಿಲ್ಲಿಗೆ ಬ್ಲೇಡಿನಿಂದ ಮೊನೆ ತೆಗೆಯುತ್ತ. "ಹುಳಾ ತಿಂದಲ್ಲಿ ನಾವಿಬ್ಬರೂ ಕೂಡಿ ಊಹಾ ಮಾಡಿದ್ದು ಪೆನ್ಸಿಲ್ಲಿಂದು. ನಾಳೆ ಯಾರಾರ ಶಾಣ್ಯಾರು ಬಂದ್ರ, ಖರೇದ್ದು ಸಿಕ್ರ, ನಮ್ಮದನ್ನ ಅಳಿಸಲಿ. ಮಂದಿ ಪದದಾಗ ಕೈ ಹಾಕಿದವರು ಅಳಿಸೂಹಂಗ ಇರಬೇಕು."

*

"ಯಾವ ಮಾತು ಉಳದೈತಿ, ಓದು," ಎಂದಳು ಬಾಷಾಬಿ. ಹೊಸ್ತಿಲ ಒಳಗೆ ಪರದೆಯ ಹಿಂದೆ ಹೋಗಿ ಕೂತಿದ್ದಳು. ದಾಟಿದ್ದು ಒಂದು ಸಲ ಸಾಕು.

"ಇದು... ಶಬ್‌ನಮ್."

ಬಾಷಾಬಿ ಕಣ್ಣು ಮುಚ್ಚಿದ್ದಳು. ಬಲಗೈ ತೊಡೆಯ ಮೇಲೆ ಮೆಲ್ಲಗೆ ಏಳತೊಡಗಿತು, ಬೀಳತೊಡಗಿತು. ಆಮೇಲೆ ಸಾಲು ಬಂತು. ಅರ್ಥ ಅರಿಯದ ಪರದೇಶದ ಮಾತುಗಳು, ಒಂದರ ಹೆಗಲ ಮೇಲೆ ಒಂದು ಕೈ ಇಟ್ಟು ಬಂದಂತೆ, ಸಾಲಾಗಿ, ಎಲ್ಲೂ ಎಡವದೆ ಬಂದವು. ಅದರ ಹಿಂದೆ ಮುಂದಿನ ಸಾಲೂ ಬಂತು.

ನಸ್ರೀನ್ ತಾಯಿಯನ್ನು ನೋಡಿದಳು, ಹಾಳೆಯನ್ನು ನೋಡಿದಳು. ನೀಲಿ ಕಲೆಯ ಒಳಗೆ ಆ ಅಕ್ಷರಗಳ ನೆರಳು ಹೌದೋ ಅಲ್ಲವೋ ಎಂಬಂತೆ ಕಂಡಿತು. "ಅಮ್ಮಾ, ನಿನಗ ಎಲ್ಲಾ ಬರತೈತಿ?"

"ಎಲ್ಲಾ ಅಂದ್ರ ಹೆಂಗ ಹೇಳ್ಲಿ. ನೀ ಮಾತು ಕೊಡು, ಸಾಲು ಬರತೈತೋ ನೋಡೂಣು. ಅರ್ಥ ಮಾತ್ರ ನನ್ನ ಕೇಳಬ್ಯಾಡ."

"ಇದರದು ನಿಮ್ಮ ಮಾಸ್ತರ ಹೇಳಿದ್ದು ನೆನಪಿಲ್ಲೇನ?" ಎಂದಳು ಸುಶೀಲವ್ವ.

"ಇದರದು ಐತಿ. ಶಬ್ ಅಂದ್ರ ರಾತ್ರಿ, ನಮ್ ಅಂದ್ರ ಹಸಿ, ಎರಡೂ ಕೂಡಿ ಇಬ್ಬನಿ. ಈ ನೆಲಕ್ಕ ಮಳಿ ಬೇಕಿಲ್ಲ, ರಾತ್ರಿ ಹಸಿ ಕುಡದು ಜ್ವಾಳ ನಿಲ್ಲತೈತಿ ಅಂತಾನ ಮುನ್ಶಿ."

"ಅಂದ್ರ ಅಂವಾ ನಮ್ಮ ಹಿಂಗಾರಿ ಜ್ವಾಳಾ ನೋಡ್ಯಾನ!" ಸುಶೀಲವ್ವ ಸೊಂಟದ ಮೇಲೆ ಕೈಯಿಟ್ಟಳು. "ನಸ್ರೀನಾ, ಬರಕೋ ಲಗೂನ. ನೀರಿಗಿ ಹೋಗದಂಥಾ ಪೆನ್ನಿಲೆ ಬರಿ."

ನಸ್ರೀನ್ ಹೊಸ್ತಿಲ ಮೇಲೆ ಕೂತು ಬರೆಯತೊಡಗಿದಳು. ಒಂದು ಮಾತು ಹೊರಗಿನಿಂದ ಒಳಗೆ, ಒಂದು ಸಾಲು ಒಳಗಿನಿಂದ ಹೊರಗೆ. ಕೆಲವು ಮಾತಿಗೆ ಸಾಲು ಬರಲೇ ಇಲ್ಲ. "ಅದನ್ನ ಖಾಲಿ ಬಿಡು," ಎನ್ನುವಳು ಬಾಷಾಬಿ. ಹಾಗೆ ಖಾಲಿ ಬಿಟ್ಟ ಜಾಗಗಳು ಒಂದೊಂದಾಗಿ ಹೆಚ್ಚುತ್ತ ಹೋದವು.

ಗಂಡಸರು ಮರಳಿದ್ದು ಯಾರಿಗೂ ಗೊತ್ತಾಗಲಿಲ್ಲ. ಮಹಬೂಬಸಾಬ ಅಂಗಳದ ಬಾಗಿಲಲ್ಲಿ ನಿಂತಿದ್ದ. ಹಿಂದೆ ಸಂಗನಬಸವ, ಯಾಕೂಬಸಾಬ, ಉಳಿದವರು. ಮುಷ್ಟಿ ಮಣ್ಣು ಹಾಕಿ ಬಂದ ಕೈಗಳನ್ನು ಇನ್ನೂ ತೊಳೆದಿರಲಿಲ್ಲ. ಕೈ ತೊಳೆಯುವ ಬಕೆಟ್ಟಿಗೆ ಹೋಗಲು ದಾರಿಯೇ ಇರಲಿಲ್ಲ, ಅಂಗಳವೆಲ್ಲ ಕಾಗದ.

"ಭಾಬಿ," ಎಂದ ಅವನು. "ಥಂಡಾ ಮಾಡಿದ್ದನ್ನ ತಗದ್ರ್ಯಾ?"

ಪರದೆಯ ಹಿಂದಿನ ದನಿ ನಿಲ್ಲಲಿಲ್ಲ. ಸಾಲೊಂದರ ನಡುವೆ ಇತ್ತು ಅದು. ಮಹಬೂಬಸಾಬ ಮತ್ತೆ ಬಾಯಿ ತೆರೆದ. ಅಣ್ಣ ದಿನಾ ಸಂಜೆ ಓದುತ್ತಿದ್ದ ಧಾಟಿ ಅದೇ ಎಂದು ಅವನಿಗೆ ಆಗ ತಿಳಿದಿರಬೇಕು. ಚಪ್ಪಲಿ ಕಳಚಿ ಬಾಗಿಲ ಆಚೆ ಇಟ್ಟ.

ಹೊಲದ ಕಡೆಯಿಂದ ಗಾಳಿ ಬೀಸಿತು. ಅರೆ ಒಣಗಿದ ಹಾಳೆಗಳು ಅಂಚು ಎತ್ತಿದವು. ಒಂದು ಎದ್ದೇಬಿಟ್ಟಿತು. ಮಹಬೂಬಸಾಬ ಗಬಕ್ಕನೆ ಕುಕ್ಕರಿಸಿ ಅದನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದ. "ನಿಂತು ಏನ ನೋಡತೀರಲೇ? ಹಿಡೀರಿ!" ಎಂದ ಹಿಂದೆ ತಿರುಗಿ. ಸಂಗನಬಸವ ಕೂತ. ಯಾಕೂಬಸಾಬ ಕೂತ. ಜನಾಜಾಕ್ಕೆ ಹೆಗಲು ಕೊಟ್ಟವರೆಲ್ಲ ಅಂಗಳದ ತುಂಬ ಒಬ್ಬೊಬ್ಬರಾಗಿ ಕುಕ್ಕರಗಾಲಲ್ಲಿ ಕೂತು, ಒಂದೊಂದು ಹಾಳೆಯ ಅಂಚು ಒತ್ತಿ ಹಿಡಿದು ಕೇಳುತ್ತ ಉಳಿದರು.

ಗಾಳಿ ಇಳಿದು ಅವರು ಕೈ ಎತ್ತಿದಾಗ, ಪ್ರತಿ ಹಾಳೆಯ ಅಂಚಿನಲ್ಲೂ ಕಬರಿನ ಎರೆಮಣ್ಣಿನ ಹೆಬ್ಬೆಟ್ಟೊಂದು ಕಪ್ಪಗೆ ಕೂತಿತ್ತು.