ನುಂಗುವುದನ್ನು ಕಲಿಸುವವಳು

ಮಗಳ ಕೆಲಸವನ್ನು ಯಾರಿಗಾದರೂ ವಿವರಿಸುವುದೆಂದರೆ ಅಮ್ಮನಿಗೆ ದೊಡ್ಡ ಫಜೀತಿ. ಆಸ್ಪತ್ರೆಯಲ್ಲಿದ್ದಾಳೆ ಎಂದರೆ ಡಾಕ್ಟರಾ ಎನ್ನುತ್ತಾರೆ, ಅಲ್ಲ ಎಂದರೆ ನರ್ಸಾ ಎನ್ನುತ್ತಾರೆ, ಅದೂ ಅಲ್ಲ ಎಂದರೆ ಮುಖ ಸಪ್ಪಗೆ ಮಾಡುತ್ತಾರೆ. "ನುಂಗೋಕೆ ಕಷ್ಟ ಆಗೋರಿಗೆ ನುಂಗೋದು ಹೇಳಿಕೊಡ್ತಾಳೆ" ಎಂದರಂತೂ ಮುಗಿಯಿತು, "ಅದನ್ನೂ ಹೇಳಿಕೊಡ್ಬೇಕಾ?" ಎಂದು ನಗು ತಡೆದುಕೊಳ್ಳುತ್ತಾರೆ. ಹೇಳಿಕೊಡಬೇಕು ಸ್ವಾಮಿ. ಒಂದು ಗುಟುಕು ನೀರು ದಾರಿ ತಪ್ಪಿ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆಂದು ಗೊತ್ತಿಲ್ಲದವರಿಗೆ ಮಾತ್ರ ಅದು ನಗುವ ವಿಷಯ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವಳಿಗೊಂದು ಸಣ್ಣ ಕೋಣೆ. ಒಂದು ಕುರ್ಚಿ, ಒಂದು ಸಿಂಕು, ನೀರನ್ನು ಗಟ್ಟಿ ಮಾಡುವ ಪುಡಿಯ ಡಬ್ಬಿಗಳು. ಪಾರ್ಶ್ವವಾಯು ಬಡಿದವರು, ತಲೆಗೆ ಪೆಟ್ಟು ಬಿದ್ದವರು, ವಯಸ್ಸಾದವರು ಬಂದು ಕೂರುತ್ತಾರೆ. ಗಂಟಲ ಮೇಲೆ ನಾಲ್ಕು ಬೆರಳಿಟ್ಟು ಮೂರು ಗುಟುಕು ನೀರು ಕುಡಿಸುತ್ತಾಳೆ. ಆಮೇಲೆ "ಆ ಅನ್ನಿ" ಎನ್ನುತ್ತಾಳೆ. ದನಿ ಒದ್ದೆಯಾಗಿ, ಗೊರಗೊರ ಕೇಳಿಸಿದರೆ ನೀರು ದಾರಿ ತಪ್ಪಿದೆ ಎಂದರ್ಥ, ಅಲ್ಲಿಗೆ ಅವರ ಊಟದ ಕಥೆ ಮುಗಿದಂತೆ. ಅಂದಿನಿಂದ ಎಲ್ಲವೂ ಅರೆದದ್ದು, ನೀರೂ ಗಂಜಿಯ ಹದ. ವಾರ್ಡಿನಲ್ಲಿ ಎಷ್ಟೋ ಗಂಡಸರು ಆ ಅರೆದದ್ದರ ಬಟ್ಟಲನ್ನು ಕಂಡವರೇ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ವಾರದಲ್ಲಿ ಐದು ದಿನ ಅವಳು ಆ ಬೆನ್ನುಗಳನ್ನು ನೋಡುತ್ತಿದ್ದಳು.

ಹಾಗಾಗಿ ಶನಿವಾರ ಬಂತೆಂದರೆ ಅವಳು ಕಾಲಿಗೆ ಬುದ್ಧಿ ಹೇಳುತ್ತಿದ್ದಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಅಪ್ಪ ಅಮ್ಮನ ಮನೆ. ಮುಂದೆ ಅಪ್ಪನ ಕಟಿಂಗ್ ಶಾಪು, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಅವಳ ಜೊತೆ ರೂಮು ಹಂಚಿಕೊಂಡಿದ್ದ ಎಕ್ಸ್‌ರೇ ವಿಭಾಗದ ಹುಡುಗಿಗೆ ವಾರಕ್ಕೊಂದು ಪ್ರವಾಸದ ಹುಚ್ಚು. ಒಂದು ವಾರ ಬೆಟ್ಟ, ಒಂದು ವಾರ ಸರೋವರ, ಏನೂ ಇಲ್ಲದಿದ್ದರೆ ರೈಲು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಬರುವುದು. ಇವಳನ್ನು ಕರೆದು ಕರೆದು ಅವಳ ಬಾಯಿ ನೋಯುತ್ತಿತ್ತು. "ನಿಂಗೆ ನಿಮ್ಮಮ್ಮನ ಅಡುಗೆ ಜೊತೆ ಮದ್ವೆ ಆಗಿದೆ ಕಣೇ" ಎಂದು ಆ ಹುಡುಗಿ ಮೂಗು ಮುರಿದರೆ ಇವಳು ನಕ್ಕು ಚೀಲ ಹೆಗಲಿಗೇರಿಸುತ್ತಿದ್ದಳು.

ಅಪ್ಪನದು ದೊಡ್ಡ ಬಾಯಿ. ಕತ್ತರಿಗಿಂತ ನಾಲಿಗೆಯೇ ಜೋರು. ಕುರ್ಚಿಯಲ್ಲಿ ಕೂತವನ ಅರ್ಧ ಮೀಸೆ ಬೋಳಿಸಿ, ಕಥೆ ಮುಗಿಯುವವರೆಗೆ ಇನ್ನರ್ಧ ಹಾಗೇ ಬಿಟ್ಟು ನಿಂತ ಆಸಾಮಿ. ಮಗಳು ಬಂದ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಗಿರಾಕಿ ಕಾದರೂ ಕ್ಯಾರೇ ಎನ್ನದೆ ಒಳಗೆ ಬಂದು ಕೂರುತ್ತಿದ್ದ. ಅಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಮಾಡಿದ್ದೆಲ್ಲ ಮೇಜಿಗೆ ಬರುತ್ತಿತ್ತು: ಇಡೀ ಕೋಳಿ, ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ, ಬಟಾಣಿ, ಬಿಸಿ ಬ್ರೆಡ್ಡು. ಬಾಣಲೆಯ ತಳಕ್ಕೆ ಹತ್ತಿದ ಗರಿಗರಿ ಚೂರಿಗೆ ಅಪ್ಪ ಮಗಳು ಚಮಚ ಹಿಡಿದು ಕಿತ್ತಾಡುತ್ತಿದ್ದರು. "ಮೊದ್ಲು ಮನುಷ್ಯರ ಹಾಗೆ ಕೂತು ತಿನ್ನಿ" ಎಂದು ಅಮ್ಮ ಬೈಯುತ್ತಿದ್ದಳು, ಆದರೆ ಬೈಯುವಾಗ ಅವಳ ಮುಖ ಅರಳಿರುತ್ತಿತ್ತು.

ಹಿಂದಿನ ವರ್ಷ ಅಪ್ಪನಿಗೆ ಪಾರ್ಶ್ವವಾಯುವಿನ ಸಣ್ಣ ಹೊಡೆತ ಬಿದ್ದಿತ್ತು. ಬಾಯಿ ಸೊಟ್ಟಗಾಗಿ ವಾರದೊಳಗೆ ನೆಟ್ಟಗಾಯಿತು, ಕೈಗೆ ಏನೂ ಆಗಿರಲಿಲ್ಲ, ಕತ್ತರಿ ಮತ್ತೆ ಹಿಡಿದ. ಗಂಡಾಂತರ ಕಳೆಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಈಚೆಗೊಂದು ಶನಿವಾರ ಅಪ್ಪ ನೀರು ಕುಡಿದ ಮೇಲೆ ಕೆಮ್ಮಿದ. ಅವಳು ತಲೆ ಎತ್ತಿದಳು. ಮೆಣಸಿನ ಘಾಟಿರಬೇಕು ಅಂದುಕೊಂಡು ತಲೆ ತಗ್ಗಿಸಿದಳು. ಎರಡನೇ ಶನಿವಾರ ಊಟವಾದ ಮೇಲೆ ಅಪ್ಪ ಗಿರಾಕಿಯೊಬ್ಬನ ಕಥೆ ಹೇಳತೊಡಗಿದ, ಮತ್ತು ಆ ದನಿ ಒದ್ದೆಯಾಗಿತ್ತು. ಸಾವಿರ ಗಂಟಲು ಕೇಳಿದ ಕಿವಿ ಅದು, ತಪ್ಪುವುದುಂಟೇ? ಮೂರನೇ ಶನಿವಾರ ಊಟದ ನಡುವೆ ಅಪ್ಪ ಎದ್ದು ಅಂಗಡಿಗೆ ಹೋದ. ಅಲ್ಲಿಯ ನಲ್ಲಿ ಜೋರಾಗಿ ಸುರಿಯುವ ಸದ್ದು ಬಂತು, ಅದರ ಹಿಂದೆ ಅದುಮಿಟ್ಟ ಕೆಮ್ಮು. ತಿರುಗಿ ಬಂದವನ ಕಣ್ಣು ಕೆಂಪಾಗಿತ್ತು. "ಒಬ್ಬ ಬಂದಿದ್ದ, ಸಂಜೆ ಬಾ ಅಂದೆ" ಎಂದು ಕೂತು ಚಮಚ ಹಿಡಿದ. ಅಮ್ಮ ಅವನ ತಟ್ಟೆಗೆ ಮತ್ತೊಂದು ತುಂಡು ಬಡಿಸಿದಳು.

ಅವಳು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದರೆ ಏನು ಹೇಳುವುದು? ಗೋಡೆಯ ಕಡೆ ತಿರುಗಿದ ಬೆನ್ನುಗಳಲ್ಲಿ ಅಪ್ಪನ ಬೆನ್ನನ್ನು ಸೇರಿಸಲು ಅವಳಿಗೆ ಮನಸ್ಸಾಗಲಿಲ್ಲ. ಬೆಳಿಗ್ಗೆಯಿಂದ ಬೆವರು ಸುರಿಸಿದ ಅಮ್ಮನಿಗೆ, ಇದನ್ನೆಲ್ಲ ಮಿಕ್ಸಿಗೆ ಹಾಕು ಎನ್ನಲು ನಾಲಿಗೆ ಏಳಲಿಲ್ಲ. ಇವೆರಡೂ ನಿಜವೇ. ಆದರೆ ಅದಕ್ಕಿಂತ ದೊಡ್ಡ ನಿಜ ಇನ್ನೊಂದಿತ್ತು, ಅದನ್ನು ಅವಳು ತನಗೇ ಹೇಳಿಕೊಳ್ಳುತ್ತಿರಲಿಲ್ಲ. ಆ ಎರಡು ದಿನ ಅವಳಿಗೆ ಬೇಕಾಗಿದ್ದವು. ಅಲ್ಲಿ ಅವಳು ಯಾರ ಗಂಟಲನ್ನೂ ಮುಟ್ಟಬೇಕಾಗಿರಲಿಲ್ಲ, ಬರೀ ಮಗಳಾಗಿದ್ದರೆ ಸಾಕಿತ್ತು. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡಳು.

ಮುಂದಿನ ವಾರ ಅವಳು ಮನೆಗೇ ಹೋಗಲಿಲ್ಲ. ಎಕ್ಸ್‌ರೇ ಹುಡುಗಿ ಎಂದಿನಂತೆ ಸರೋವರದ ಮಾತು ತೆಗೆದಾಗ ಇವಳು "ನಾನೂ ಬರ್ತೀನಿ" ಎಂದುಬಿಟ್ಟಳು. ಆ ಹುಡುಗಿ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು, "ಸೂರ್ಯ ಎಲ್ಲಿ ಹುಟ್ಟಿದಾನೆ ನೋಡಿ ಬರ್ತೀನಿ ಇರು" ಎಂದಳು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಹೋಗಿ ಬಾ, ಈ ವಯಸ್ಸಲ್ಲಿ ಹೋಗ್ದೆ ಇನ್ಯಾವಾಗ ಹೋಗ್ತೀಯ. ಕೋಳಿ ತಂದಾಗಿದೆ, ನಿಮ್ಮಪ್ಪನೇ ತಿಂದು ಮುಗಿಸ್ತಾರೆ ಬಿಡು" ಎಂದಳು. ಆಗಲಾದರೂ ಹೇಳಬಹುದಿತ್ತು. ಸರಿ ಎಂದು ಫೋನಿಟ್ಟಳು.

ಸರೋವರದ ದಂಡೆಯಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿದಿದ್ದರು. ಮಂಜು ಮುಸುಕಿ ನೀರು ಕಾಣಿಸುತ್ತಲೇ ಇರಲಿಲ್ಲ. ಎಕ್ಸ್‌ರೇ ಹುಡುಗಿ ದೋಣಿ ಎಲ್ಲಿ ಸಿಗುತ್ತದೆಂದು ಕೇಳಲು ಹೋಗಿದ್ದಳು, ಇವಳು ಇಬ್ಬರಿಗೂ ಮೊಟ್ಟೆ ಬೇಯಿಸುತ್ತ ನಿಂತಿದ್ದಳು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅಮ್ಮನ ಫೋನು ಬಂತು. ಅಪ್ಪನಿಗೆ ನಿನ್ನೆ ಸಂಜೆಯಿಂದ ಸುಡುವ ಜ್ವರ, ಉಸಿರು ಎಳೆಯುತ್ತಿದ್ದಾರೆ, ಊರಿನ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ಒಲೆ ಆರಿಸಿದ್ದು ಮಾತ್ರ ಅವಳಿಗೆ ನೆನಪಿದೆ. ಚೀಲ ಕಟ್ಟಿದ್ದು ಯಾರು, ಬಸ್ಸು ಹತ್ತಿಸಿದ್ದು ಯಾರು ಎಂಬುದು ನೆನಪಿಲ್ಲ.

ನ್ಯುಮೋನಿಯಾ ಎಂದರು. ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ಪೂರ್ತಿ ಕಫ ತುಂಬಿತ್ತು. ವಾರ್ಡಿನ ಡಾಕ್ಟರು, ನಿದ್ದೆಗೆಟ್ಟ ಕಣ್ಣಿನ ಹೆಂಗಸು, ಅಮ್ಮನನ್ನು ಕೇಳಿದರು.

"ಊಟ ಮಾಡುವಾಗ, ನೀರು ಕುಡಿಯುವಾಗ ಕೆಮ್ಮು ಏನಾದ್ರೂ ಬರ್ತಿತ್ತಾ?"

"ಇಲ್ಲಮ್ಮ, ಅಂಥದ್ದೇನೂ ಇಲ್ಲ" ಎಂದಳು ಅಮ್ಮ. ಆಮೇಲೆ ಮಗಳ ತೋಳು ಹಿಡಿದು ಮುಂದೆ ತಂದಳು. "ನಮ್ಮ ಹುಡುಗಿ ಇದೇ ಕೆಲಸದಲ್ಲಿರೋದು. ವಾರವಾರ ಬಂದು ಅವ್ರ ಪಕ್ಕದಲ್ಲೇ ಕೂತು ಉಣ್ಣೋಳು. ಏನಾದ್ರೂ ಇದ್ದಿದ್ರೆ ಅವಳು ಬಿಡ್ತಿದ್ಲಾ?"

ಡಾಕ್ಟರು ಇವಳ ಕಡೆ ನೋಡಿದರು. ಇವಳು ನೆಲ ನೋಡಿದಳು.

ಜ್ವರ ಇಳಿಯಲು ಐದು ದಿನ ಬೇಕಾಯಿತು. ಆ ಐದು ದಿನ ಅವಳು ರಜೆ ಹಾಕಿ ಮಂಚದ ಪಕ್ಕದಲ್ಲೇ ಇದ್ದಳು, ದೇವರಿಗೆ ಹರಕೆ ಹೊರುವವಳಲ್ಲದಿದ್ದರೂ ಹೊತ್ತಳು. ಆರನೇ ದಿನ ಅಪ್ಪನ ಗಂಟಲು ಪರೀಕ್ಷಿಸಬೇಕಿತ್ತು. ಆ ಸಣ್ಣ ಆಸ್ಪತ್ರೆಯಲ್ಲಿ ಆ ಕೆಲಸದವರು ಯಾರೂ ಇರಲಿಲ್ಲ. "ನೀವೇ ಮಾಡಿಬಿಡಿ" ಎಂದರು ಡಾಕ್ಟರು.

ಅಪ್ಪನನ್ನು ನೆಟ್ಟಗೆ ಕೂರಿಸಿದಳು. ಎಷ್ಟೋ ಜನರ ಗದ್ದದ ಕೆಳಗೆ ಕ್ಷೌರದ ಕತ್ತಿ ಆಡಿಸಿದ ಅಪ್ಪ ತಾನೇ ಗದ್ದ ಎತ್ತಿ ಕೊಟ್ಟ. ಮಂಚದ ಕಾಲ ಬಳಿ ಅಮ್ಮ ನಿಂತಿದ್ದಳು. ಮಗಳು ಬೆರಳಿಟ್ಟು ಒಂದು ಗುಟುಕು ಕುಡಿಸಿದಳು, ನುಂಗುವಾಗ ಮೇಲೇಳಬೇಕಾದ ಗಂಟಲು ತಡವಾಗಿ ಎದ್ದಿತು. ಎರಡನೇ ಗುಟುಕಿಗೆ ಅಪ್ಪ ಕೆಮ್ಮಿದ. "ಆ ಅನ್ನು" ಎಂದಳು. ಅದೇ ಒದ್ದೆ ದನಿ. ಲೋಟ ಕೆಳಗಿಟ್ಟು, ಇನ್ನು ಮೇಲೆ ಎಲ್ಲವನ್ನೂ ಅರೆದೇ ಕೊಡಬೇಕು, ನೀರಿಗೂ ಪುಡಿ ಬೆರೆಸಬೇಕು ಎಂದು ದಿನಾ ಅಪರಿಚಿತರಿಗೆ ಹೇಳುವ ಮಾತುಗಳನ್ನೇ ಹೇಳಿ ಮುಗಿಸಿದಳು.

"ಇಷ್ಟೇನಾ?" ಎಂದಳು ಅಮ್ಮ. "ಎರಡು ನಿಮಿಷದ ಕೆಲಸನಾ ಇದು?"

ಅವಳು ಅಮ್ಮನನ್ನು ಹೊರಗೆ ಕರೆದುಕೊಂಡು ಬಂದಳು. ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. "ಪರೀಕ್ಷೆ ಮಾಡೋ ಅಗತ್ಯನೂ ಇರ್ಲಿಲ್ಲಮ್ಮ" ಎಂದಳು. "ನಂಗೆ ಗೊತ್ತಿತ್ತು. ಮೂರು ವಾರದಿಂದ ಗೊತ್ತಿತ್ತು."

ಅಮ್ಮ ಒರೆಸುವವರು ದಾಟಿ ಹೋಗಲೆಂದು ಗೋಡೆಗೆ ಸರಿದು ನಿಂತಳು. ಆಮೇಲೆ ಒಂದೊಂದೇ ಮಾತು ಕೂಡಿಸಿದಳು. "ಹಾಗಾದ್ರೆ ನಾನು ಒಂದೊಂದು ತುಂಡು ಬಡಿಸುವಾಗ್ಲೂ ನೀನು ನೋಡ್ತಾ ಕೂತಿದ್ದೆ."

"ಹೂಂ."

"ಇನ್ನೂ ಸ್ವಲ್ಪ ಹಾಕ್ಕೊಳ್ಳಿ ಅಂತ ನಾನು ಬಲವಂತ ಮಾಡುವಾಗ್ಲೂ."

"ಹೂಂ, ಅಮ್ಮ."

ಬೈದಿದ್ದರೆ, ಎರಡು ಬಾರಿಸಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅಮ್ಮ ವಾರ್ಡಿನೊಳಗೆ ಹೋಗಿ ಗಂಡನ ಹೊದಿಕೆ ಸರಿ ಮಾಡಿದಳು.

ಅಪ್ಪ ಮನೆಗೆ ಬಂದ ಮೇಲಿನ ಮೊದಲ ಶನಿವಾರ ಅವಳು ಎಂದಿನ ಬಸ್ಸಿಗೇ ಬಂದಳು. ಅಂಗಡಿ ಮುಚ್ಚಿತ್ತು. ಅಡುಗೆಮನೆಯಿಂದ ಯಾವ ಪರಿಮಳವೂ ಬರುತ್ತಿರಲಿಲ್ಲ. ಮೇಜಿನ ಮೇಲೆ ಮೂರು ಬಟ್ಟಲು ಇದ್ದವು, ಮೂರರಲ್ಲೂ ಒಂದೇ ಬಣ್ಣದ ಮುದ್ದೆ. ಅಮ್ಮ ತನಗೂ ಅದನ್ನೇ ಬಡಿಸಿಕೊಂಡಿದ್ದಳು. ಉಪ್ಪು ಸರಿಯಾಗಿತ್ತು, ಒಂದು ಗಂಟಿರಲಿಲ್ಲ, ಆಸ್ಪತ್ರೆಯ ಅಡುಗೆಯವರು ಜನ್ಮದಲ್ಲಿ ಮಾಡಲಾರದಷ್ಟು ನಯವಾಗಿತ್ತು. ಮೂವರೂ ಅದನ್ನೇ ತಿಂದರು. ಮಗಳು ಕೇಳಿದ್ದಕ್ಕೆಲ್ಲ ಅಮ್ಮ ಹೂಂ, ಇಲ್ಲ ಎನ್ನುವುದರಲ್ಲೇ ಮುಗಿಸಿದಳು.

ಭಾನುವಾರ ಮಧ್ಯಾಹ್ನ ಅಪ್ಪನೇ ಬಾಯಿಬಿಟ್ಟ. "ಏನೇ, ಮಗು ಊರಿಂದ ಬಂದಿದೆ, ಏನಾದ್ರೂ ಹುರಿದು ಹಾಕ್ಬಾರ್ದಾ?"

"ಬೇಕಾದ್ರೆ ಅವಳೇ ಮಾಡ್ಕೊಳ್ಲಿ" ಎಂದು ಅಮ್ಮ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕತೊಡಗಿದಳು.

ಅವಳಿಗೇನೂ ಬೇಕಿರಲಿಲ್ಲ. ಆದರೆ ಅಪ್ಪ ಬಿಡಲಿಲ್ಲ, ಹಠ ಹಿಡಿದು ಈರುಳ್ಳಿ ಮೊಟ್ಟೆ ಹುರಿಸಿದ, ಬ್ರೆಡ್ಡು ಸುಡಿಸಿದ. ಅವಳು ತಟ್ಟೆ ಇಟ್ಟುಕೊಂಡು ಕೂತಾಗ ಎದುರು ಕುರ್ಚಿ ಎಳೆದು ಕೂತ. ಅವಳು ಒಂದು ತುತ್ತು ಬಾಯಿಗಿಟ್ಟು ಅಗಿದು ನುಂಗಿದಳು. ಅಪ್ಪನ ಗಂಟಲು ಏರಿ ಇಳಿಯಿತು. ಇನ್ನೊಂದು ತುತ್ತು ನುಂಗಿದಳು. ಬಾಯಲ್ಲಿ ಏನೂ ಇಲ್ಲದ ಅಪ್ಪ ಮತ್ತೆ ಅವಳ ಜೊತೆಗೇ ನುಂಗಿದ. ಅವಳು ತಟ್ಟೆ ದೂರ ಸರಿಸಿದಳು.

"ತಿನ್ನು, ಪೂರ್ತಿ ತಿನ್ನು" ಎಂದ ಅಪ್ಪ. ದೊಡ್ಡ ಬಾಯಿಯ ಮನುಷ್ಯನ ದನಿ ಈಗ ಪಿಸುಮಾತಿನಷ್ಟೇ ಇತ್ತು. "ನಾನು ನಲ್ಲಿ ಬಿಟ್ಕೊಂಡು ಕೆಮ್ತಿದ್ದೆ. ನಿಂಗೆ ಕೇಳಿಸ್ತಿದೆ ಅಂತಾನೂ ಗೊತ್ತಿತ್ತು. ಹೇಳ್ದೆ ಇದ್ರೆ ಸಾಕಪ್ಪ ಅಂತಿದ್ದೆ."

"ನಾನು ಹೇಳ್ಬೇಕಾಗಿತ್ತಪ್ಪ."

"ಹೇಳ್ಬೇಕಾಗಿತ್ತು. ನಾನೂ ಹೇಳ್ಬೇಕಾಗಿತ್ತು. ನಾವಿಬ್ರೂ ಕಳ್ಳರು, ನನ್ನ ಹತ್ರ ಏನು ಕ್ಷಮೆ ಕೇಳ್ತೀಯ? ಮೋಸ ಹೋದೋಳು ಅಲ್ಲಿದಾಳೆ, ಹೋಗು."

ಅಷ್ಟರಲ್ಲಿ ಅಮ್ಮ ಅಡುಗೆಮನೆಗೆ ಬಂದು ಅಪ್ಪನ ಸಂಜೆಯ ಊಟಕ್ಕೆ ಬೇಯಿಸಿದ ಕೋಳಿಯ ಎಲುಬು ಬಿಡಿಸುತ್ತಿದ್ದಳು. ಒಂದೊಂದು ಎಳೆಯನ್ನೂ ಬೆರಳಲ್ಲಿ ಹಿಸುಕಿ ನೋಡಿ ಮಿಕ್ಸಿಯ ಜಾರಿಗೆ ಹಾಕುತ್ತಿದ್ದಳು. ಮಗಳು ಪಕ್ಕದಲ್ಲಿ ಹೋಗಿ ನಿಂತಳು.

"ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲಮ್ಮ. ಅಷ್ಟು ಆಸೆಯಿಂದ ಮಾಡ್ತಿದ್ದೆ..."

ಅಮ್ಮನ ಕೈ ನಿಂತಿತು. "ಮೂವತ್ತು ವರ್ಷ ಆ ಮನುಷ್ಯನ ಬಾಯಿಗೆ ಏನು ಬೇಕೋ ಅದನ್ನೇ ಮಾಡಿ ಹಾಕಿದೀನಿ. ಹಲ್ಲು ನೋವಿದ್ದಾಗ ಮೆತ್ತಗೆ ಮಾಡಿದೀನಿ, ಜ್ವರ ಬಂದಾಗ ತೆಳ್ಳಗೆ ಮಾಡಿದೀನಿ. ಅರೆದು ಕೊಡಮ್ಮ ಅಂದಿದ್ರೆ ಅರೆದು ಕೊಡ್ತಿರ್ಲಿಲ್ವಾ ನಾನು? ಅಷ್ಟೂ ನನ್ನ ಕೈಲಾಗಲ್ಲ ಅಂದ್ಕೊಂಡ್ಯಾ?"

ಅವಳು ಜಾರನ್ನು ಅಮ್ಮನ ಹತ್ತಿರಕ್ಕೆ ಸರಿಸಿದಳು.

"ಅವ್ರಿಗೆ ಈ ಗತಿ ನನ್ನ ಕೈಯಿಂದಾನೇ ತರಿಸಿದ್ಯಲ್ಲೇ" ಎಂದಳು ಅಮ್ಮ. ಇನ್ನೊಂದು ಎಳೆ ಹಿಸುಕಿ ಜಾರಿಗೆ ಹಾಕಿದಳು. "ಮುಂದಿನ ವಾರ ಬರ್ಬೇಡ."

"ಮತ್ತೆ ಯಾವಾಗ ಬರ್ಲಿ?"

"ನಾನೇ ಹೇಳ್ತೀನಿ. ನೀನು ಮೇಜಿಗೆ ಬಂದು ಕೂತ್ರೆ ನಂಗೆ ಬಡಿಸೋಕೆ ಕೈ ಬರಲ್ಲ ಈಗ."

ಅಮ್ಮ ಜಾರಿಗೆ ಮುಚ್ಚಳ ಹಾಕಿ ಮಿಕ್ಸಿ ತಿರುಗಿಸಿದಳು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವಂತಿರಲಿಲ್ಲ. ತಪ್ಪಾಯ್ತಮ್ಮ ಎಂದು ಮಗಳು ಆ ಸದ್ದಿನಲ್ಲೇ ಹೇಳಿದಳು, ಒಂದಲ್ಲ, ಮೂರು ನಾಲ್ಕು ಸಲ ಹೇಳಿದಳು. ಅಮ್ಮ ಮುಚ್ಚಳದ ಮೇಲೆ ಎರಡೂ ಕೈ ಒತ್ತಿ ಹಿಡಿದುಕೊಂಡು, ಮಿಕ್ಸಿಯನ್ನು ಆರಿಸದೆ ನಿಂತಿದ್ದಳು.